ಗೋಡೆಯೊಳಗಿನ ಸೋರಿಕೆ: ಹುಡುಕುವುದು ಹೇಗೆ, ಮನೆ ವಿಮೆಯಿಂದ ಯಾವುದಕ್ಕೆ ದುಡ್ಡು ಸಿಗುತ್ತದೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಒಳಗೊಳಗೇ ಆಗುವ ಸೋರಿಕೆ ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ನಳಗಳಿಗೆ ದಿನವಿಡೀ ನೀರು ಬರುವುದಿಲ್ಲ. ಬಿಟ್ಟ ದಿನ ಸಂಪ್ ತುಂಬಿಸಿಕೊಂಡು, ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಪೈಪ್ ಸೀಳಿದ್ದರೂ ಅದರಲ್ಲಿ ನೀರು ಹರಿದಷ್ಟು ಹೊತ್ತು ಮಾತ್ರ ಸೋರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಗೋಡೆ ಎರಡೇ ದಿನದಲ್ಲಿ ಒಣಗುತ್ತದೆ. ನಾವೂ ಮರೆತುಬಿಡುತ್ತೇವೆ. ಹೀಗೆ ತಿಂಗಳುಗಟ್ಟಲೆ ಹಸಿಯಾಗುತ್ತಾ, ಒಣಗುತ್ತಾ ಒಂದು ದಿನ ಪ್ಲಾಸ್ಟರ್ ಉದುರುತ್ತದೆ. ಆಗ ವಿಮಾ ಕಂಪನಿಗೆ ಫೋನ್ ಮಾಡಿದರೆ, "ಇದು ಹಳೆಯ ಸೀಪೇಜ್, ಕವರ್ ಆಗುವುದಿಲ್ಲ" ಎಂಬ ಉತ್ತರ ಬರುವ ಸಾಧ್ಯತೆಯೇ ಜಾಸ್ತಿ.

ಮನೆ ವಿಮೆ ದುಡ್ಡು ಕೊಡುವುದು ಅನಿರೀಕ್ಷಿತವಾಗಿ, ಒಮ್ಮೆಲೇ ಆದ ಹಾನಿಗೆ. ನಿಧಾನವಾಗಿ ಜಿನುಗಿ (ಇದೇ ಸೀಪೇಜ್) ಆದ ಹಾನಿಯನ್ನು ಕಂಪನಿಗಳು ನಿರ್ವಹಣೆಯ ಲೋಪ ಎಂದು ಬದಿಗಿಡುತ್ತವೆ. ಆದ್ದರಿಂದ ಸೋರಿಕೆ ಎಲ್ಲಿದೆ ಅನ್ನುವುದರಷ್ಟೇ ಮುಖ್ಯ ಅದು ಯಾವತ್ತು ಶುರುವಾಯಿತು ಅನ್ನುವುದು. ಮುಂದಿನ ಕೆಲಸಗಳನ್ನೆಲ್ಲ ಈ ಎರಡಕ್ಕೂ ಪುರಾವೆ ಕೂಡಿಡುವಂತೆ ಮಾಡಬೇಕು.

ಹಂತ 1: ಸೋರಿಕೆ ಇದೆಯೇ, ಮೊದಲು ಖಚಿತ ಮಾಡಿಕೊಳ್ಳಿ

ಪ್ಲಂಬರ್‌ಗೆ ಹೇಳುವ ಮುಂಚೆ ಒಂದು ರಾತ್ರಿ ಖರ್ಚು ಮಾಡಿ. ಮೀಟರ್ ಇರುವ ಮನೆಯಾದರೆ ನೀರು ಬಿಟ್ಟ ಹೊತ್ತಿನಲ್ಲಿ ಸಂಪಿಗೆ ಬೀಳುವ ವಾಲ್ವ್ ಮತ್ತು ಎಲ್ಲ ನಳ ಮುಚ್ಚಿ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದ ಸಂಪಿನವರೆಗಿನ ಪೈಪಿನಲ್ಲಿ ತೊಂದರೆ ಇದೆ. ಮೀಟರ್ ಇಲ್ಲದವರಿಗೆ ಸಂಪ್ ಮತ್ತು ಟ್ಯಾಂಕೇ ಅಳತೆಗೋಲು.

ರಾತ್ರಿ ಮಲಗುವಾಗ ಮೇಲಿನ ಟ್ಯಾಂಕ್ ತುಂಬಿಸಿ. ಎಲ್ಲ ನಳ ಬಂದ್ ಮಾಡಿ. ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ ಫೋಟೋ ತೆಗೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮಾರನೇ ರಾತ್ರಿ ಇದನ್ನೇ ಮತ್ತೆ ಮಾಡಿ, ಈ ಸಲ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಮುಚ್ಚಿ. ವಾಲ್ವ್ ಮುಚ್ಚಿದ ರಾತ್ರಿ ಮಟ್ಟ ಹಾಗೇ ನಿಂತರೆ ತೊಂದರೆ ಮನೆಯೊಳಗಿನ ಲೈನಿನಲ್ಲಿದೆ. ಆಗಲೂ ಇಳಿದರೆ ಟ್ಯಾಂಕ್ ಅಥವಾ ಅದರ ಜಾಯಿಂಟ್ ನೋಡಿ. ಲೈನ್ ಎಂದು ತೀರ್ಮಾನಿಸುವ ಮೊದಲು ಕಮೋಡಿನ ಫ್ಲಶ್ ಟ್ಯಾಂಕ್ ಮರೆಯಬೇಡಿ. ಅದರಲ್ಲಿ ಅಡುಗೆ ಬಣ್ಣ ಕಲಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಇಳಿದಿದ್ದರೆ ರಾತ್ರಿಯ ನೀರು ಹೋಗುತ್ತಿರುವುದು ಅಲ್ಲಿಂದಲೇ. ಅದಕ್ಕೆ ಗೋಡೆ ಒಡೆಯುವ ಅಗತ್ಯವಿಲ್ಲ.

ಸಂಪಿಗೂ ಇದೇ ಪರೀಕ್ಷೆ. ನೀರು ಬಿಡದ ದಿನ, ಮೋಟಾರ್ ಹಾಕದೆ, ಮುಚ್ಚಳ ಮುಚ್ಚಿ ಬಿಡಿ. 6 ಅಡಿ ಉದ್ದ, 5 ಅಡಿ ಅಗಲದ ಸಂಪಿನಲ್ಲಿ ಒಂದು ಇಂಚು ಇಳಿದರೆ ಸುಮಾರು 70 ಲೀಟರ್ ಹೋಯಿತು ಎಂದು ಅರ್ಥ. ಮುಚ್ಚಿದ ಸಂಪಿನಿಂದ ಒಂದೇ ರಾತ್ರಿಯಲ್ಲಿ ಅಷ್ಟು ನೀರು ಆವಿಯಾಗುವುದಿಲ್ಲ.

ಇನ್ನೊಂದು ಜಾಗವನ್ನು ಜನ ಮರೆಯುತ್ತಾರೆ. ಸಂಪಿನಿಂದ ಟ್ಯಾಂಕಿಗೆ ಏರುವ ಪೈಪ್. ಇದು ಸೋರುವುದು ಹೆಚ್ಚಾಗಿ ಮೋಟಾರ್ ಓಡುವಾಗ. ಟ್ಯಾಂಕ್ ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆಯಾ? ಮೋಟಾರ್ ಹಾಕಿದ ಮೇಲೆ ಗೋಡೆಯ ಒಂದೇ ಜಾಗ ತಂಪಾಗುತ್ತದೆಯಾ? ಕೈಯಿಟ್ಟು ನೋಡಿ.

ಈ ಪರೀಕ್ಷೆಗಳ ದಿನಾಂಕ, ಸಮಯ, ಅಳತೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀರು ಬಿಟ್ಟ ದಿನಗಳನ್ನೂ ಬರೆಯಿರಿ. ಮುಂದೆ ಕ್ಲೇಮ್ ಮಾಡುವಾಗ ಈ ನೋಟ್‌ಬುಕ್ಕೇ ನಿಮ್ಮ ಪರ ಮಾತಾಡುತ್ತದೆ.

ಹಂತ 2: ತೇವದ ಗುರುತು ಓದಿ

ಎಲ್ಲ ತೇವವೂ ಪೈಪಿನದಲ್ಲ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಗೋಡೆಯುದ್ದಕ್ಕೂ ತೇವ ಹರಡಿ, ಬಿಳಿ ಉಪ್ಪು ಕಟ್ಟಿದ್ದರೆ ಅದು ಹೆಚ್ಚಾಗಿ ನೆಲದಿಂದ ಏರಿದ ತೇವ. ಬೋರಿನ ಉಪ್ಪು ನೀರಿನಲ್ಲಿ ಕಟ್ಟಿದ, ಕ್ಯೂರಿಂಗ್ ಮಾಡಿದ ಮನೆಗಳಲ್ಲಿ ಇದನ್ನು ಬಹಳ ನೋಡುತ್ತೇವೆ. ಮಳೆ ಬಂದ ಮೇಲೆ ಮಾತ್ರ ಸೀಲಿಂಗ್ ಒದ್ದೆಯಾದರೆ ಮಾಳಿಗೆಯ ಬಿರುಕು ನೋಡಿ. ಸ್ನಾನ ಆದ ಮೇಲೆ ಜಾಸ್ತಿಯಾಗಿ, ವಾಸನೆಯೂ ಬಂದರೆ ಬಚ್ಚಲಿನ ನೀರು ಹೋಗುವ ಪೈಪ್ ಅಥವಾ ಟೈಲ್ಸ್ ಸಂದು. ನಳಕ್ಕೆ ನೀರು ಬಿಟ್ಟ ದಿನ, ಇಲ್ಲವೇ ಮೋಟಾರ್ ಹಾಕಿದ ಹೊತ್ತಿಗೆ ಒಂದು ಕಡೆ ಮಾತ್ರ ಗುಂಡಗೆ ಒದ್ದೆಯಾದರೆ ಅದು ಒತ್ತಡದ ಪೈಪಿನದು. ವಿಮೆಗೆ ಹೊಂದುವ ಸಾಧ್ಯತೆ ಇರುವುದು ಮುಖ್ಯವಾಗಿ ಈ ಕೊನೆಯದಕ್ಕೆ.

ನಮ್ಮ ಜಿಲ್ಲೆಗಳ ಎರೆಮಣ್ಣಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಮಣ್ಣೇ ಎಷ್ಟೋ ಬಡಾವಣೆಗಳ ಕೆಳಗೂ ಇದೆ. ಮಣ್ಣು ಅಲುಗಾಡಿದಾಗ ಅದರಲ್ಲಿ ಹೂತ ಪೈಪಿನ ಜಾಯಿಂಟ್ ಎಳೆದು ಬಿಡುತ್ತದೆ. ಅಲ್ಲಿಂದ ಸೋರಿದ ನೀರು ಪಾಯದ ಒಂದೇ ಮೂಲೆಯ ಮಣ್ಣನ್ನು ಉಬ್ಬಿಸುತ್ತದೆ. ಆ ಮೂಲೆ ಮೇಲೇಳುತ್ತದೆ, ಉಳಿದದ್ದು ಏಳುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲು ಚೌಕಟ್ಟಿಗೆ ತಾಗತೊಡಗುತ್ತದೆ, ನೆಲದ ಬಂಡೆ ಎದ್ದು ಕೂರುತ್ತದೆ.

ವಿಮೆಯ ಲೆಕ್ಕದಲ್ಲಿ ಇದು ಸೂಕ್ಷ್ಮವಾದ ಜಾಗ. ಹಂತ 3ರಲ್ಲಿ ಹೇಳುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೆಲ ಕುಸಿದರೆ ಕವರ್ ಇದೆ. ಆದರೆ ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು, ತುಂಬಿದ ಮಣ್ಣಿನ ಅಲುಗಾಟ, ಕಳಪೆ ವಿನ್ಯಾಸ ಅಥವಾ ಕಳಪೆ ಕೆಲಸದಿಂದಾದ ಹಾನಿಯನ್ನು ಪಾಲಿಸಿಯೇ ಹೊರಗಿಟ್ಟಿದೆ. ಅಂದರೆ ಬಿರುಕಿನ ಫೋಟೋ ಮಾತ್ರ ತೋರಿಸಿದರೆ "ಇದು ಮಣ್ಣಿನ ದೋಷ" ಅಂದುಬಿಡಬಹುದು. ಪೈಪ್ ಒಡೆದದ್ದು ಮೊದಲು, ಬಿರುಕು ಬಂದದ್ದು ಆಮೇಲೆ ಎಂದು ತೋರಿಸುವುದು ನಿಮ್ಮ ಕೆಲಸ. ಅದಕ್ಕೆ ಸುಲಭ ಉಪಾಯ ಇದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ವಾರಕ್ಕೊಮ್ಮೆ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಮನೆಗೆ ಏನೂ ತೊಂದರೆ ಇಲ್ಲದ ದಿನಗಳಲ್ಲೇ ಎಲ್ಲ ಗೋಡೆಗಳ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಂತ 3: ಪಾಲಿಸಿ ತೆಗೆದು ಓದಿ

ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿದವರಲ್ಲಿ ಎಷ್ಟೋ ಜನರಿಗೆ ತಮಗೆ ವಿಮೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಸಾಲದ ಕಡತದಲ್ಲಿ ನೋಡಿ, ಬ್ಯಾಂಕಿನವರನ್ನು ಕೇಳಿ ಪ್ರತಿ ತಗೊಳ್ಳಿ. ಸಾಲದ ಜೊತೆ ಮಾಡಿಸಿದ್ದು ಮನೆಯ ವಿಮೆಯೋ, ಸಾಲಗಾರರ ಜೀವ ವಿಮೆಯೋ ಅನ್ನುವುದನ್ನೂ ನೋಡಿಕೊಳ್ಳಿ. ಎರಡೂ ಬೇರೆ ಬೇರೆ.

2021ರ ಏಪ್ರಿಲ್ 1ರಿಂದ ಭಾರತದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಮಾರುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೆಲ ಕುಸಿತ, ಗಲಭೆ ಮೊದಲಾದವುಗಳ ಜೊತೆ ನೀರಿನ ಟ್ಯಾಂಕ್, ಉಪಕರಣ ಮತ್ತು ಪೈಪ್ ಒಡೆಯುವುದು ಅಥವಾ ಉಕ್ಕಿ ಹರಿಯುವುದು ಕೂಡ ಅದರ ಪಟ್ಟಿಯಲ್ಲಿದೆ. ನಮಗೆ ಬೇಕಾದದ್ದು ಈ ಕಲಮು. ಅಲ್ಲಿ ಹೇಳಿರುವುದು 'ಒಡೆಯುವುದು', 'ಉಕ್ಕುವುದು'. 'ಜಿನುಗುವುದು' ಅಲ್ಲ. ಮಾಳಿಗೆಯ ಬಿರುಕಿನಿಂದ ಮಳೆ ನೀರು ಒಳಗೆ ಬಂದರೆ ಅದು ಪ್ರವಾಹವೂ ಅಲ್ಲ, ಪೈಪ್ ಒಡೆದದ್ದೂ ಅಲ್ಲ.

ಇನ್ನು ಸೋರಿಕೆ ಹುಡುಕುವ ಖರ್ಚು. ಬ್ರಿಟನ್ನಿನ ಮನೆ ವಿಮೆಗಳಲ್ಲಿ 'ಟ್ರೇಸ್ ಅಂಡ್ ಆಕ್ಸೆಸ್' ಎಂಬ ಪ್ರತ್ಯೇಕ ಕವರ್ ಸಿಗುತ್ತದೆ. ಸೋರಿಕೆ ಹುಡುಕಲು ಗೋಡೆ, ನೆಲ ಒಡೆದು ಮತ್ತೆ ಮುಚ್ಚುವ ಖರ್ಚನ್ನು ಅದು ಒಂದು ಮಿತಿಯೊಳಗೆ ಕೊಡುತ್ತದೆ. ಒಡೆದ ಪೈಪಿನ ರಿಪೇರಿ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಭಾರತ್ ಗೃಹ ರಕ್ಷಾದ ಮೂಲ ಒಡಂಬಡಿಕೆಯಲ್ಲಿ ಹಾಗೆ ಹೆಸರಿಟ್ಟು ಕೊಟ್ಟ ಕವರ್ ಇಲ್ಲ. ಬದಲಿಗೆ ಎರಡು ಸಣ್ಣ ನೆರವುಗಳಿವೆ. ಹಾನಿಯಾದ ಕಟ್ಟಡವನ್ನು ಸರಿಪಡಿಸಲು ಬೇಕಾದ ಆರ್ಕಿಟೆಕ್ಟ್, ಸರ್ವೇಯರ್, ಕನ್ಸಲ್ಟಿಂಗ್ ಇಂಜಿನಿಯರ್ ಶುಲ್ಕಕ್ಕೆ ಕ್ಲೇಮ್ ಮೊತ್ತದ 5%ವರೆಗೆ, ಒಡೆದ ಅವಶೇಷ ಸಾಗಿಸಲು 2%ವರೆಗೆ. 1 ಲಕ್ಷ ರೂಪಾಯಿ ಕ್ಲೇಮ್ ಆದರೆ ಇವು 5,000 ಮತ್ತು 2,000 ರೂಪಾಯಿ. ಆದರೆ ಕ್ಲೇಮ್ ಸಿದ್ಧಪಡಿಸಲು ನೀವು ಮಾಡಿದ ಖರ್ಚನ್ನು ಪಾಲಿಸಿ ಹೊರಗಿಟ್ಟಿದೆ. ಹಾಗಾಗಿ ಇಂಜಿನಿಯರ್ ಬಿಲ್ಲಿನಲ್ಲಿ 'ವಿಮೆ ಕ್ಲೇಮಿಗಾಗಿ ವರದಿ' ಎಂದಷ್ಟೇ ಬರೆದಿದ್ದರೆ ಅದು ಹೊರಗೆ ಹೋಗುವ ಅಪಾಯ ಇದೆ. ಅವರು ಮಾಡಿದ್ದು ರಿಪೇರಿಗೆ ಬೇಕಾದ ತಪಾಸಣೆ, ಅಂದಾಜು ಅಂತಾದರೆ ಬಿಲ್ಲಿನಲ್ಲೂ ಅದನ್ನೇ ಬರೆಸಿ.

ಹೊಸದಾಗಿ ವಿಮೆ ಮಾಡಿಸುವವರು, ನವೀಕರಿಸುವವರು ಕಂಪನಿಗೆ ಇಮೇಲ್‌ನಲ್ಲಿ ಈ ಪ್ರಶ್ನೆ ಕೇಳಿ: "ಪೈಪ್ ಒಡೆದ ಜಾಗ ಹುಡುಕಲು ಗೋಡೆ ಅಥವಾ ನೆಲ ಒಡೆದು ಮತ್ತೆ ಮೊದಲಿನಂತೆ ಮಾಡುವ ಖರ್ಚು ನನ್ನ ಪಾಲಿಸಿಯಲ್ಲಿ ಸೇರಿದೆಯೇ? ಇಲ್ಲದಿದ್ದರೆ ಹೆಚ್ಚುವರಿ ಕವರ್ ಇದೆಯೇ? ಮಿತಿ ಎಷ್ಟು? ಮನೆ ಬೀಗ ಹಾಕಿದ್ದಾಗ ಕವರ್ ಮುಂದುವರಿಯುತ್ತದೆಯೇ?" ಏಜೆಂಟ್ ಬಾಯಲ್ಲಿ "ಎಲ್ಲಾ ಬರುತ್ತೆ ಸರ್" ಅಂದರೆ ಅದನ್ನು ನಂಬಿ ಕೂರಬೇಡಿ. ಲಿಖಿತ ಉತ್ತರ ಪಡೆಯಿರಿ. ಬೀಗದ ಪ್ರಶ್ನೆಯನ್ನು ಬಿಡಬೇಡಿ. ದುಡಿಯಲು ಬೆಂಗಳೂರಿಗೆ ಹೋಗಿ ಊರಿನ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕುವ ಕುಟುಂಬಗಳು ನಮ್ಮಲ್ಲಿ ಬಹಳ ಇವೆ ಅಲ್ವಾ? ಅಂಥವರು ಹೊರಡುವಾಗ ಟ್ಯಾಂಕಿನ ವಾಲ್ವ್ ಮುಚ್ಚಿ ಹೋಗುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ವಿಮೆಯ ಮೊತ್ತದ ಲೆಕ್ಕ ಕಷ್ಟವಲ್ಲ. ಕಾರ್ಪೆಟ್ ಏರಿಯಾವನ್ನು (ಗೋಡೆಗಳ ಒಳಗಿನ ಬಳಸುವ ಜಾಗ) ಇವತ್ತಿನ ಕಟ್ಟುವ ದರದಿಂದ ಗುಣಿಸಿ. ಸೈಟಿನ ಬೆಲೆ ಸೇರಿಸಬೇಡಿ. ಉದಾಹರಣೆಗೆ, 1,000 ಚದರ ಅಡಿಗೆ 2,000 ರೂಪಾಯಿಯಂತೆ 20 ಲಕ್ಷ. ಕಾಂಪೌಂಡ್, ನೀರಿನ ಟ್ಯಾಂಕ್, ಸೋಲಾರ್ ಫಲಕಗಳನ್ನೂ ಕಟ್ಟಡದ ಭಾಗವಾಗಿ ಸೇರಿಸಬಹುದು, ಅವುಗಳ ಬೆಲೆ ಕೂಡಿಸಿ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ಕವರ್ ಸಿಗುತ್ತದೆ. ಬಾಡಿಗೆಗೆ ಇರುವವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಪಾಲಿಸಿ ಮಾಡಿಸಿದ ಮೇಲೆ ಕೋಣೆ ಕಟ್ಟಿಸಿ ಕಾರ್ಪೆಟ್ ಏರಿಯಾ 10%ಗಿಂತ ಹೆಚ್ಚಾದರೆ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ. ಇಲ್ಲವಾದರೆ ಹೊಸ ಭಾಗಕ್ಕೆ ಕವರ್ ಇರುವುದಿಲ್ಲ.

ಹಂತ 4: ನೀರು ನಿಲ್ಲಿಸಿ, ತಿಳಿಸಿ, ಆಮೇಲೆ ಒಡೆಯಿರಿ

ಈ ಕ್ರಮ ತಪ್ಪಬಾರದು. ಮೊದಲು ವಾಲ್ವ್ ಮುಚ್ಚಿ, ಒದ್ದೆ ಜಾಗದ ಸ್ವಿಚ್ ಬೋರ್ಡಿನ ಮೇನ್ ಆಫ್ ಮಾಡಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಕರ್ತವ್ಯ. ಹಾಸಿಗೆ, ಬೀರು, ಕಾಗದಪತ್ರ ಸರಿಸಿ. ಹಾಳಾದ ಸಾಮಾನನ್ನು ಎಸೆಯಬೇಡಿ, ಒಂದು ಕಡೆ ಇಡಿ.

ತಕ್ಷಣ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಹಾನಿ ನೋಡಿ ಅಂದಾಜು ಮಾಡಲು ಕಂಪನಿ ಕಳಿಸುವವರೇ ಸರ್ವೇಯರ್. ಅದೇ ದಿನ ಇಮೇಲ್ ಕೂಡ ಕಳಿಸಿ. ಉದ್ದ ಬೇಡ, ಹೀಗಿದ್ದರೆ ಸಾಕು:

"ಈ ತಿಂಗಳ ___ನೇ ತಾರೀಖು ಬೆಳಿಗ್ಗೆ ___ ಗಂಟೆಗೆ ಅಡುಗೆಮನೆಯ ಗೋಡೆಯಿಂದ ನೀರು ಹರಿಯುವುದನ್ನು ಮೊದಲ ಬಾರಿ ನೋಡಿದೆವು. ಹಿಂದಿನ ದಿನ ಅಲ್ಲಿ ತೇವ ಇರಲಿಲ್ಲ. ವಾಲ್ವ್ ಮುಚ್ಚಿದ್ದೇವೆ. ಒಡೆದ ಜಾಗ ಗೋಡೆಯೊಳಗಿದೆ. ಅದನ್ನು ಹುಡುಕಲು ಟೈಲ್ಸ್ ಮತ್ತು ಪ್ಲಾಸ್ಟರ್ ಒಡೆಯಬೇಕಾಗಿದೆ. ನಿಮ್ಮ ಸರ್ವೇಯರ್ ಯಾವಾಗ ಬರುತ್ತಾರೆ ತಿಳಿಸಿ. ಅದಕ್ಕೂ ಮೊದಲು ಒಡೆಯುವುದು ಅನಿವಾರ್ಯವಾದರೆ ಪೂರ್ತಿ ವಿಡಿಯೋ ಮಾಡಿಡುತ್ತೇವೆ."

ಇದರಲ್ಲಿ ಇರುವುದೆಲ್ಲ ನಿಜ ಆಗಿರಬೇಕು. ಹಿಂದೆಯೇ ತೇವ ಇದ್ದರೆ "ಇರಲಿಲ್ಲ" ಎಂದು ಬರೆಯಬೇಡಿ. ಪ್ಲಾಸ್ಟರಿನ ಬಣ್ಣ, ಉಪ್ಪಿನ ಪದರ, ಕಬ್ಬಿಣದ ತುಕ್ಕು ನೋಡಿದರೆ ಅನುಭವಿ ಸರ್ವೇಯರ್‌ಗೆ ಹಳೆಯ ತೇವ ಗೊತ್ತಾಗುತ್ತದೆ. ಒಂದು ಸುಳ್ಳಿನಿಂದ ಇಡೀ ಕ್ಲೇಮ್ ಹೋಗಬಹುದು. ಹಿಂದೆ ಸಣ್ಣ ಸೋರಿಕೆ ಇದ್ದು ರಿಪೇರಿ ಮಾಡಿಸಿದ್ದರೆ ಅದನ್ನೇ ಹೇಳಿ, ರಿಪೇರಿಯ ಬಿಲ್ ತೋರಿಸಿ. ಕಾಳಜಿ ವಹಿಸಿದವರು ಅನ್ನುವುದಕ್ಕೆ ಅದೇ ಸಾಕ್ಷಿ.

ಹಾನಿ ಕಂಡ ದಿನದಿಂದ 30 ದಿನದೊಳಗೆ ಕ್ಲೇಮ್ ಫಾರಂ ಕೊಡಬೇಕು.

ಹಂತ 5: ಸುಮ್ನೆ ಒಡೆಯಲು ಬಿಡಬೇಡಿ, ಹುಡುಕಲು ಹೇಳಿ

ಪ್ಲಂಬರ್ ಬಂದವರೇ ಉಳಿ ಸುತ್ತಿಗೆ ತೆಗೆದರೆ ನಿಲ್ಲಿಸಿ. ಒದ್ದೆ ಕಂಡ ಜಾಗವೇ ಒಡೆದ ಜಾಗ ಆಗಿರಬೇಕಿಲ್ಲ. ನೀರು ಪೈಪಿನ ಗುಂಟ, ಟೈಲ್ಸಿನ ಕೆಳಗೆ ಹರಿದು ಎಲ್ಲೋ ದೂರದಲ್ಲಿ ಹೊರಬರುತ್ತದೆ.

ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಲೈನಿನ ತುದಿಗಳಿಗೆ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ, ಗೇಜ್ ಇರುವ ಕೈಪಂಪಿನಿಂದ ನೀರು ತುಂಬಿ ಒತ್ತಡ ಕೊಡುತ್ತಾರೆ. ಮುಳ್ಳು ಇಳಿದರೆ ಆ ಲೈನಿನಲ್ಲಿ ಸೋರಿಕೆ ಇದೆ. ಬಿಸಿನೀರಿನ ಲೈನ್, ತಣ್ಣೀರಿನ ಲೈನ್, ಮೇಲಂತಸ್ತು, ಕೆಳ ಅಂತಸ್ತು ಹೀಗೆ ಬೇರೆ ಬೇರೆಯಾಗಿ ಮಾಡಿದರೆ ಹುಡುಕುವ ಜಾಗ ಕಿರಿದಾಗುತ್ತದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ಒತ್ತಡ ಮಿತಿಯಲ್ಲಿರಲಿ. ತುಕ್ಕು ಹಿಡಿದ ಪೈಪ್ ಹೊಸದಾಗಿ ಇನ್ನೊಂದು ಕಡೆ ಒಡೆದರೆ ಅದು ನಿಮ್ಮ ತಲೆಗೇ ಬರುತ್ತದೆ.

ಶಬ್ದ ಕೇಳಿ ಸೋರಿಕೆ ಹಿಡಿಯುವ ಯಂತ್ರಗಳೂ ಇವೆ. ಆದರೆ ಅವಕ್ಕೆ ಒಳ್ಳೆಯ ಒತ್ತಡ ಬೇಕು. ಮೇಲಿನ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಕಡಿಮೆ, ಪ್ರತಿ 10 ಅಡಿ ಎತ್ತರಕ್ಕೆ ಸುಮಾರು 0.3 ಬಾರ್ ಮಾತ್ರ. ಪ್ಲಾಸ್ಟಿಕ್ ಪೈಪಿನಲ್ಲಿ ಶಬ್ದವೂ ದೂರ ಸಾಗುವುದಿಲ್ಲ. ಹಾಗಾಗಿ ಪಂಪಿನಿಂದ ಒತ್ತಡ ಕೊಟ್ಟೇ ಕೇಳಬೇಕು. ಥರ್ಮಲ್ ಕ್ಯಾಮೆರಾ ತೇವದ ತಂಪನ್ನು ತೋರಿಸುತ್ತದೆ, ನೀರನ್ನಲ್ಲ. ಬಿಸಿಲು ಬಿದ್ದ ಪಶ್ಚಿಮದ ಗೋಡೆಯನ್ನು ಸಂಜೆ ನೋಡಿದರೆ ಅದು ದಾರಿ ತಪ್ಪಿಸುತ್ತದೆ. ಸೂರ್ಯ ಏರುವ ಮುಂಚೆ ನೋಡಿಸಿ. ಬಿಸಿನೀರಿನ ಲೈನ್ ಆದರೆ ಬಿಸಿನೀರು ಬಿಟ್ಟು ನೋಡಿದರೆ ಜಾಗ ಚೆನ್ನಾಗಿ ಕಾಣುತ್ತದೆ. ಬಚ್ಚಲಿನ ನೆಲದ ಅನುಮಾನ ಇದ್ದರೆ ನೀರು ಹೋಗುವ ತೂತು ಮುಚ್ಚಿ, ಬಣ್ಣದ ನೀರು 24 ಗಂಟೆ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ.

ಒಡೆಯುವಾಗ ಮೊದಲ ಪೆಟ್ಟಿನಿಂದ ಪೈಪ್ ಕಾಣುವವರೆಗೆ ವಿಡಿಯೋ ಮಾಡಿ. ಸೀಳಿದ ತುಂಡನ್ನು ಕತ್ತರಿಸಿ ತೆಗೆದಿಡಿ. ಪೈಪ್ ಉದ್ದಕ್ಕೆ ಸೀಳಿದೆಯೋ, ಜಾಯಿಂಟ್ ಕಳಚಿದೆಯೋ, ತುಕ್ಕು ತಿಂದು ತೂತಾಗಿದೆಯೋ ಅನ್ನುವುದರ ಮೇಲೆ ಸರ್ವೇಯರ್ ತೀರ್ಮಾನ ನಿಂತಿರುತ್ತದೆ. ಪ್ಲಂಬರ್ ಆ ತುಂಡನ್ನು ಗುಜರಿಗೆ ಎಸೆದುಬಿಟ್ಟರೆ ನಿಮ್ಮ ಮುಖ್ಯ ಪುರಾವೆಯೇ ಹೋಯಿತು.

ಬಿಲ್ಲನ್ನು ಒಟ್ಟಾರೆ "ಲೀಕೇಜ್ ಕೆಲಸ" ಎಂದು ಬರೆಸಬೇಡಿ. ಸೋರಿಕೆ ಹುಡುಕಿದ ಕೂಲಿ ಒಂದು ಸಾಲು. ಒಡೆದ ಕೂಲಿ ಒಂದು ಸಾಲು. ಪೈಪ್ ಮತ್ತು ಫಿಟ್ಟಿಂಗ್ಸ್ ಬೇರೆ. ಟೈಲ್ಸ್, ಪ್ಲಾಸ್ಟರ್, ಬಣ್ಣ ಬೇರೆ. ಕಂಪನಿ ಒಂದು ಸಾಲನ್ನು ಒಪ್ಪದಿದ್ದರೂ ಉಳಿದವು ಉಳಿಯುತ್ತವೆ. ಒಟ್ಟು ಮೊತ್ತದ ಒಂದೇ ಚೀಟಿ ಇದ್ದರೆ ಪೂರ್ತಿ ಪ್ರಶ್ನೆಗೆ ಬೀಳುತ್ತದೆ. ನಮ್ಮ ಕಡೆ ಪ್ಲಂಬರ್‌ಗಳಲ್ಲಿ ಅನೇಕರು ಬಿಲ್ ಕೊಡುವುದಿಲ್ಲ. ಬಿಳಿ ಹಾಳೆಯ ಮೇಲೆ ಹೆಸರು, ಕೆಲಸ, ದಿನಾಂಕ, ಮೊತ್ತ ಬರೆಸಿ ಸಹಿ ಹಾಕಿಸಿ, ದುಡ್ಡನ್ನು ಯುಪಿಐ ಮೂಲಕ ಕೊಡಿ. ಸಾಮಾನಿನ ಬಿಲ್ ಅಂಗಡಿಯಿಂದಲೇ ಜಿಎಸ್‌ಟಿ ಸಮೇತ ತನ್ನಿ.

ಹಂತ 6: ಸರ್ವೇಯರ್ ಬಂದಾಗ

ಅವರ ಜೊತೆ ನೀವೇ ಇರಿ, ಪ್ಲಂಬರ್‌ನನ್ನೂ ಕರೆಸಿಕೊಳ್ಳಿ. ನೋಟ್‌ಬುಕ್, ಫೋಟೋ, ಪೈಪಿನ ತುಂಡು, ಬಿಲ್‌ಗಳನ್ನು ಮುಂದಿಡಿ. ಅವರು ಕೇಳಿದ ಪ್ರತಿ ಕಾಗದ ಕೊಟ್ಟಾಗಲೂ ಇಮೇಲ್ ದಾಖಲೆ ಇರಲಿ. ರಿಪೇರಿ ಶುರು ಮಾಡಲು ಅವರ ಒಪ್ಪಿಗೆಯನ್ನು ಲಿಖಿತವಾಗಿ ಕೇಳಿ. ಮನೆ ವಾಸಕ್ಕೆ ಯೋಗ್ಯವಾಗಿಲ್ಲ ಎಂದಾದರೆ ಬೇರೆ ಮನೆಯ ಬಾಡಿಗೆಗೂ ಭಾರತ್ ಗೃಹ ರಕ್ಷಾದಲ್ಲಿ ಅವಕಾಶ ಇದೆ. ಬಾಯಿಬಿಟ್ಟು ಕೇಳಿ.

ಹಂತ 7: ಕ್ಲೇಮ್ ತಿರಸ್ಕರಿಸಿದರೆ

ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದರು ಎಂದು ಲಿಖಿತವಾಗಿ ಕೇಳಿ, ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ. "ಸೀಪೇಜ್" ಎಂಬ ಒಂದು ಪದ ಬರೆದು ಮುಗಿಸಿದ್ದರೆ, ನಿಮ್ಮ ಪ್ರೆಶರ್ ಟೆಸ್ಟ್, ಸೀಳಿದ ಪೈಪ್, ದಿನಾಂಕದ ಫೋಟೋ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಅದರ ಸಹಾಯವಾಣಿ 155255.

ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಯೆನಿಸದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಇದ್ದಾರೆ. ಕರ್ನಾಟಕಕ್ಕೆಲ್ಲ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಇದಲ್ಲದೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಅಲ್ಲಿಗೆ ಎರಡು ವರ್ಷದ ಕಾಲಮಿತಿ. ಆದರೆ ಆಯೋಗದಲ್ಲಿ ಕೇಸು ನಡೆಯುತ್ತಿರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಟೈಲ್ಸ್, ಪ್ಲಾಸ್ಟರಿನ ಸಣ್ಣ ಮೊತ್ತದ ಕ್ಲೇಮಿಗೆ ನನ್ನ ಸಲಹೆ ಮೊದಲು ಓಂಬುಡ್ಸ್‌ಮನ್. ಅವರ ತೀರ್ಪಿನಿಂದ ಸಮಾಧಾನ ಆಗದಿದ್ದರೆ ಗ್ರಾಹಕ ಆಯೋಗದ ದಾರಿ ಆಮೇಲೂ ತೆರೆದಿರುತ್ತದೆ.